ಸಂಕಲನದಲ್ಲಿ ಕಳೆದದ್ದು

ಮೇ 3

ಪ್ರಿಯ ಭಾವ,

ಸ್ವಸ್ಥ ಬುದ್ಧಿಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಕೆಳಗೆ ಸಹಿ ಮಾಡಿರುವ ಗಣಿತದ ಅಧ್ಯಾಪಕನು ಒಪ್ಪಿಕೊಳ್ಳುವುದೇನೆಂದರೆ: ನಾನು ಕಳ್ಳ. ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಮನೆಯಾಕೆ ಸ್ನಾನಕ್ಕೆ ಹೋದ ಹೊತ್ತು ಸಾಧಿಸಿ, ಹೊಲಿಗೆ ಯಂತ್ರದ ಎರಡನೆಯ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ತಳದಲ್ಲಿದ್ದ ಬೀಗದ ಕೈಯೊಂದನ್ನು ಅಪಹರಿಸಿದ್ದೇನೆ. ಡಬ್ಬಿ ಅಲ್ಲಾಡಿಸಿದರೆ ಸದ್ದು ಬದಲಾಗಬಾರದೆಂದು ಅದರ ಜಾಗಕ್ಕೆ ಕಾಲೇಜಿನ ಸ್ಟಾಫ್ ರೂಮಿನ ಕಪಾಟಿನ ಕೈ ಹಾಕಿದ್ದೇನೆ. ಹೀಗೆ ಕಳ್ಳತನ ಒಂದು, ವಂಚನೆ ಒಂದು, ಸಂಸ್ಥೆಯ ಸೊತ್ತಿನ ದುರ್ಬಳಕೆ ಒಂದು. ಪಶ್ಚಾತ್ತಾಪ ಲವಲೇಶವೂ ಇಲ್ಲ. ಬೀಗದ ಕೈ ಸಿಕ್ಕಾಗಿನಿಂದ ಬೀಗುತ್ತಿದ್ದೇನೆ.

ನನ್ನ ಸವಾರಿಗೆ ನಿಷೇಧ ಹೇರಿದ ಕುಟುಂಬ ಸಭೆಯಲ್ಲಿ ನೀವು ಬಾಯಿಗೆ ಬಿಸ್ಕತ್ತು ತುರುಕಿಕೊಂಡು ತಟಸ್ಥರಾಗಿದ್ದಿರಿ. ಆದ್ದರಿಂದ ಪ್ರಕರಣದ ಹಿನ್ನೆಲೆ ನೆನಪಿಸುತ್ತೇನೆ. ಬೈಕು ನಮ್ಮಪ್ಪನದು. ಕಾಗದಪತ್ರ ನಮ್ಮಕ್ಕನ, ಅಂದರೆ ನಿಮ್ಮ ಧರ್ಮಪತ್ನಿಯ, ಹೆಸರಿನಲ್ಲಿ. ಓಡಿಸುವವನು ನಾನು. ಮಾರ್ಚಿನಲ್ಲಿ ಘಾಟಿಯ ಒಂಬತ್ತನೆಯ ತಿರುವಿನಲ್ಲಿ ನಾನು ಬಿದ್ದೆ ಎಂದು ಇಬ್ಬರು ಹೆಂಗಸರೂ ಹೇಳುತ್ತಾರೆ. ಬಿದ್ದೆ ಎನ್ನುವುದು ತಪ್ಪು. ಗಾಡಿ ನಿಂತ ಮೇಲೂ ನಾನು ಸ್ವಲ್ಪ ಮುಂದುವರಿದೆ, ಅಷ್ಟೆ. ಕಾಲರ್ ಎತ್ತಿಕೊಂಡು ತಿರುಗುತ್ತಿದ್ದವನ ಕಾಲರ್ ಮೂಳೆಯೇ ಮುರಿಯಿತು ಎಂದು ಇಡೀ ಸ್ಟಾಫ್ ರೂಮು ನಕ್ಕಿತು. ಆ ಜೋಕು ಮೊದಲು ಹೊಳೆದದ್ದು ನನಗೇ ಎಂಬ ಹೆಮ್ಮೆಯಿದೆ.

ಕೈ ಜೋಳಿಗೆಯಿಂದ ಬಿಡುಗಡೆಯಾಗಿ ಇವತ್ತಿಗೆ ಮೂರು ದಿನ. ಮನೆಯಾಕೆಗೆ ಶನಿವಾರವೂ ಗ್ರಂಥಾಲಯದಲ್ಲಿ ಕೆಲಸ. ಅಂದರೆ ಶನಿವಾರ ನನ್ನದು. ನಮ್ಮ ‘ಲೆಕ್ಕವಿಲ್ಲದ ದಾರಿ’ ಯೂಟ್ಯೂಬ್ ಚಾನೆಲ್ಲಿಗೆ ಇನ್ನೂರ ಹದಿನಾಲ್ಕು ಚಂದಾದಾರರಿದ್ದಾರೆ. ಅರ್ಧ ಜನ ಇಂಟರ್ನಲ್ ಮಾರ್ಕ್ಸಿನ ಆಸೆಗೆ ಸೇರಿದ ನನ್ನ ವಿದ್ಯಾರ್ಥಿಗಳು ಎನ್ನಿ, ಉಳಿದರ್ಧಕ್ಕಾದರೂ ನಾವು ಉತ್ತರ ಕೊಡಬೇಡವೇ? ನಾನು ಓಡಿಸುತ್ತೇನೆ, ಚಿತ್ರ ಹಿಡಿಯುತ್ತೇನೆ. ನೀವು ಕತ್ತರಿಸಿ. ಅಕ್ಕ ನಿಮ್ಮ ಫೋನು ನೋಡುತ್ತಾಳೆ, ಫೋಟೋ ಸ್ಟುಡಿಯೋದ ಅಂಚೆ ಪೆಟ್ಟಿಗೆ ನೋಡುವುದಿಲ್ಲ. ಇನ್ನು ಮೇಲೆ ಮೆಮರಿ ಕಾರ್ಡನ್ನು ಕಾಗದದಲ್ಲಿ ಸುತ್ತಿ ಅಲ್ಲಿಗೇ ಕಳಿಸುತ್ತೇನೆ. ಬರೀ ಕಾರ್ಡು ಕಳಿಸಿದರೆ ಮರ್ಯಾದೆಯಲ್ಲವಲ್ಲ, ಸುತ್ತುವ ಕಾಗದದ ಮೇಲೆ ನಾಲ್ಕು ಸಾಲು ಬರೆದಿರುತ್ತೇನೆ.

ಭಾವನಿಲ್ಲದೆ ಚಿತ್ರಕ್ಕೆ ಭಾವವಿಲ್ಲ.

ಇಂತಿ,
ಆರೋಪಿ ನಂ. 1, ನಿಮ್ಮ ಭಾವಮೈದ


ಮೇ 12

ಮೇಷ್ಟ್ರೇ,

ಪತ್ರ ತಲುಪಿತು. ಓದಿ ಹರಿದಿಲ್ಲ, ಆಲ್ಬಮ್ಮುಗಳ ಹಿಂದೆ ಇಟ್ಟಿದ್ದೇನೆ.

ಮೂವತ್ತೊಂದು ವರ್ಷ ಬೇರೆಯವರ ಮದುವೆ ಕತ್ತರಿಸಿದೆ. ಎಂದೂ ನಗದ ಮಾವಂದಿರನ್ನು ನಗಿಸಿದ್ದೇನೆ, ಹೃದಯದಾಕಾರದ ಚೌಕಟ್ಟಿನೊಳಗೆ ಜಗಳವಾಡುತ್ತಿದ್ದ ಜೋಡಿಗಳನ್ನು ಕೂರಿಸಿದ್ದೇನೆ. ಈಗ ಎಲ್ಲರೂ ಫೋನಿನಲ್ಲೇ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಬಂದು ಶಟರ್ ಎತ್ತುತ್ತೇನೆ, ಸಂಜೆ ಇಳಿಸುತ್ತೇನೆ. ನಡುವೆ ನಿಮ್ಮ ದಾರಿ ನೋಡುತ್ತೇನೆ. ಎರಡೂ ಅರ್ಥದಲ್ಲಿ. ಶ್ಲೇಷೆ ನಿಮ್ಮೊಬ್ಬರ ಸೊತ್ತಲ್ಲ.

ಕತ್ತರಿಸುತ್ತೇನೆ. ನಿಮ್ಮಕ್ಕ ಕೇಳಿದರೆ ಸುಳ್ಳು ಹೇಳಲಾರೆ, ಕೇಳದಿದ್ದರೆ ಹೇಳಲಾರೆ.

ಮೈಕು ಹೆಲ್ಮೆಟ್ಟಿನ ಗಲ್ಲದ ಒಳಗಿರಲಿ, ಮೇಲೆ ಹಳೇ ಸೋಫಾದ ಸ್ಪಂಜು ಕತ್ತರಿಸಿ ಅಂಟಿಸಿ. ಹೋದ ಸಲ ನೀವು ಆಡಿದ್ದೆಲ್ಲ ಬರೀ ಗಾಳಿಮಾತು.

ಭುಜಕ್ಕೆ ಬಿಸಿನೀರಿನ ಶಾಖ ಕೊಡುತ್ತಿದ್ದೀರಾ?

ಭಾವ


ಜೂನ್ 9

ಭಾವ,

ಪ್ರತಿಭಟನೆ! ಕೆರೆಯ ದಂಡೆಯ ವಿಡಿಯೋ ನೋಡಿದೆ. ಐವತ್ತು ನಿಮಿಷ ಕಳಿಸಿದರೆ ಆರು ನಿಮಿಷ ಉಳಿಸಿದ್ದೀರಿ. ಅನಂತದ ಬಗ್ಗೆ ನಾನಾಡಿದ ಮಾತು ಎಲ್ಲಿ? ‘ಸಮಾಂತರ ರೇಖೆಗಳು ಅನಂತದಲ್ಲಿ ಸೇರುತ್ತವೆ, ನನ್ನ ಹೆಂಡತಿಯೂ ನಾನೂ ಊಟದ ಹೊತ್ತಿಗೆ ಸೇರುತ್ತೇವೆ’ ಎಂಬ ಅಮರ ವಾಕ್ಯ ಎಲ್ಲಿ? ಅದರ ಬದಲು ಒಂದು ಎಮ್ಮೆ ರಸ್ತೆ ದಾಟುವುದನ್ನು ಪೂರ್ತಿ ನಲವತ್ತು ಸೆಕೆಂಡು ಇಟ್ಟಿದ್ದೀರಿ. ಕಾಮೆಂಟು ಹಾಕಿದ ಮೂವರೂ ಎಮ್ಮೆಯನ್ನೇ ಹೊಗಳಿದ್ದಾರೆ.

ಮೂವತ್ತು ವರ್ಷದಿಂದ ಮಕ್ಕಳಿಗೆ ಸಂಕಲನ ಎಂದರೆ ಕೂಡಿಸುವುದು, ವ್ಯವಕಲನ ಎಂದರೆ ಕಳೆಯುವುದು ಎಂದು ಪಾಠ ಹೇಳುತ್ತಿದ್ದೇನೆ. ನಿಮ್ಮ ಕಸುಬಿನವರು ಬರೀ ಕಳೆದು ಕಳೆದು ಅದನ್ನೇ ಸಂಕಲನ ಎಂದು ಕರೆಯುತ್ತೀರಲ್ಲ, ಯಾವ ಶಾಲೆಯಲ್ಲಿ ಓದಿದಿರಿ?

ಒಂದು ತಾಂತ್ರಿಕ ಸುಧಾರಣೆಯ ವರದಿ. ಹೋದ ಶನಿವಾರ ಹೊರಡುವಾಗ ಎದುರುಮನೆಯವರು ಗೇಟಿನ ಮೇಲೆ ಮೊಣಕೈಯೂರಿ, “ಏನ್ ಸಾರ್, ತಲೆ ಮೇಲೆ ಕೆಂಪು ದೀಪ ಇಟ್ಕೊಂಡು ಹೊರಟ್ರಿ? ಮಂತ್ರಿ ಆದ್ರಾ?” ಎಂದರು. ಅವರು ಕಂಡದ್ದು ಸಂಜೆಯೊಳಗೆ ಮನೆಯಾಕೆಗೂ ಕಾಣುತ್ತದೆ. ಆದ್ದರಿಂದ ಹೆಲ್ಮೆಟ್ಟಿನ ಕ್ಯಾಮರಾದ ಕೆಂಪು ದೀಪದ ಮೇಲೆ ಕಪ್ಪು ಟೇಪು ಹಚ್ಚಿದ್ದೇನೆ. ಪೀಂ ಎನ್ನುವ ಸದ್ದನ್ನೂ ಆರಿಸಿದ್ದೇನೆ. ಈಗ ಕ್ಯಾಮರಾ ಓಡುತ್ತಿದೆಯೋ ಇಲ್ಲವೋ ದೇವರಿಗೂ ಗೊತ್ತಾಗುವುದಿಲ್ಲ.

ಭುಜ ಸರಿಯಿದೆ. ನನ್ನನ್ನು ಇಳಿಸುವ ತಿರುವು ಇನ್ನೂ ಹುಟ್ಟಿಲ್ಲ.

ಇಂತಿ,
ಎಮ್ಮೆಗೆ ಸೋತವನು


ಜೂನ್ 28

ತಮ್ಮಾ,

ನಿನ್ನ ಭಾವನ ಶರ್ಟು ಮೆಷಿನ್ನಿಗೆ ಹಾಕುವಾಗ ಜೇಬಿನಲ್ಲಿ ಉಗುರಿನಷ್ಟು ಕಾರ್ಡು ಸಿಕ್ಕಿತು. ಏನು ಅಂತ ಕೇಳಿದೆ. ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ ಅಂತ ನಿನಗೂ ಗೊತ್ತು. ಪೂರ್ತಿ ಹೇಳಿದರು. ಹೇಳಿದ ಮೇಲೆ ಎರಡು ದಿನ ಅವರೇ ನನ್ನ ಹತ್ತಿರ ಮಾತು ಬಿಟ್ಟರು, ನಾನೇ ತಪ್ಪು ಮಾಡಿದ ಹಾಗೆ.

ನಾನು ಮೂಳೆ ವಾರ್ಡಿನ ಮೇಟ್ರನ್ ಕಣೋ. ಹನ್ನೆರಡು ಮಂಚದಲ್ಲಿ ಇವತ್ತು ಏಳು ಬೈಕಿನವರು. ನಿನ್ನ ಎಕ್ಸ್‌ರೇ ಮೊದಲು ನೋಡಿದವಳು ನಾನು. ಗಾಡಿಗೆ ಒಂದು ಗೀರಿಲ್ಲ, ನಿನ್ನ ಮೂಳೆ ಎರಡು ತುಂಡು. ಒಂಬತ್ತನೇ ತಿರುವಿನಲ್ಲಿ ಏನಾಯಿತು ಅಂದರೆ ಇವತ್ತಿನವರೆಗೂ ನೀನು ಜೋಕೇ ಹೇಳಿದ್ದೀಯ.

ಗಾಡಿ ಕೊಳ್ಳಲು ಗ್ಯಾರೇಜಿನವನು ಆಗಸ್ಟ್ 24ಕ್ಕೆ ಬರುತ್ತಾನೆ. ನಾನು ಸಹಿ ಹಾಕಿದರೆ ಗಾಡಿ ಅವನದು. ನಿನಗೆ ಅದು ಬೇಕು ಅಂದರೆ ಒಂದೇ ದಾರಿ. ಅದೇ ಘಾಟಿ, ಇಪ್ಪತ್ತೆರಡು ತಿರುವು, ಕೆಳಗಿನಿಂದ ಮೇಲಿನವರೆಗೆ. ಕಾಲು ನೆಲಕ್ಕೆ ತಾಗಬಾರದು. ಹೆದರಿದವನು ತಿರುವಿನಲ್ಲಿ ಕಾಲು ಚಾಚುತ್ತಾನೆ, ಚಾಚಿದ ಕಾಲೇ ನಮ್ಮ ವಾರ್ಡಿಗೆ ಬರುವುದು. ವಿಡಿಯೋ ಒಂದೇ ಓಟದಲ್ಲಿರಬೇಕು, ನಿನ್ನ ಭಾವನ ಕತ್ತರಿ ಎಲ್ಲೂ ಬೀಳಕೂಡದು. ನಾನು ಕೂತು ನೋಡುತ್ತೇನೆ, ಅಲ್ಲಿಯವರೆಗೆ ನಿನ್ನ ಹೆಂಡತಿಗೆ ಹೇಳುವುದಿಲ್ಲ. ನಿನಗೆ ಭಯವಿಲ್ಲ ಅಂತ ಕಂಡರೆ ಗಾಡಿಯ ಕಾಗದಪತ್ರ ನಿನ್ನ ಹೆಸರಿಗೇ ಬರೆದು ಕೊಡುತ್ತೇನೆ.

ಕಾಗದ ಬರೆಯುತ್ತಿರುವುದು ಯಾಕೆ ಅಂದರೆ ಫೋನಿನಲ್ಲಾದರೆ ನೀನು ನಗಿಸಿಬಿಡುತ್ತೀಯ.

ಅಕ್ಕ


ಜುಲೈ 6

ಘನತೆವೆತ್ತ ಅಕ್ಕನವರ ಸನ್ನಿಧಿಗೆ,

ಸವಾಲು ಸ್ವೀಕರಿಸಿದ್ದೇನೆ. ಇಪ್ಪತ್ತೆರಡೇ ಯಾಕೆ? ಬೇಕಿದ್ದರೆ ಇನ್ನೆರಡು ತಿರುವು ಹಾಕಿಸು, ಲೋಕೋಪಯೋಗಿ ಇಲಾಖೆಗೆ ನಾನೇ ಅರ್ಜಿ ಬರೆದು ಕೊಡುತ್ತೇನೆ.

ನಿನ್ನ ವಾರ್ಡಿನ ಏಳು ಮಂಚದ ಲೆಕ್ಕ ಹೇಳಿದೆ. ಘಾಟಿ ಹತ್ತಿ ಮನೆಗೆ ಹೋಗಿ ಊಟ ಮಾಡಿ ಮಲಗಿದವರು ನಿನ್ನ ವಾರ್ಡಿಗೆ ಬರುವುದಿಲ್ಲ, ಆದ್ದರಿಂದ ನಿನ್ನ ಲೆಕ್ಕಕ್ಕೂ ಬರುವುದಿಲ್ಲ. ಮೊದಲ ವರ್ಷದ ಹುಡುಗರಿಗೆ ಇದೇ ತಪ್ಪಿಗೆ ಸೊನ್ನೆ ಕೊಡುತ್ತೇನೆ.

ಐವತ್ತೆರಡು ವಯಸ್ಸಿನವನ ಬೀಗದ ಕೈಯನ್ನು ಗುಂಡಿ ಡಬ್ಬಿಯಲ್ಲಿ ಬಚ್ಚಿಡುವುದು, ಸಭೆ ಸೇರಿಸಿ ತೀರ್ಪು ಕೊಡುವುದು, ಇದೆಲ್ಲ ಇನ್ನು ಸಾಕು. ನನಗೆ ಯಾರ ಹಂಗೂ ಇಲ್ಲ, ಯಾವ ತಿರುವಿನ ಭಯವೂ ಇಲ್ಲ. ಗ್ಯಾರೇಜಿನವನಿಗೆ ಇನ್ನೊಂದು ಗಾಡಿ ಹುಡುಕಿಕೊಳ್ಳಲು ಹೇಳು.

ಇಂತಿ,
ತಲೆಬಾಗದ (ಹೆಲ್ಮೆಟ್ಟು ಭಾರವಾದ್ದರಿಂದ ತುಸುವೇ ಬಾಗಿದ) ತಮ್ಮ


ಜುಲೈ 15

ಮೇಷ್ಟ್ರೇ,

ಸಿಕ್ಕಿಬಿದ್ದೆ. ಕ್ಷಮೆ ಕೇಳುವುದಿಲ್ಲ, ಕಾರ್ಡಿನ ಗಾತ್ರ ಮಾಡಿದವರು ಕೇಳಬೇಕು.

ಟೇಪು ಕಿತ್ತುಹಾಕಿ. ಕ್ಯಾಮರಾದಲ್ಲಿರುವುದು ಒಂದೇ ಗುಂಡಿ. ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ. ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ನೀವು ಕುರುಡಾಗಿ ಒತ್ತುತ್ತಿರುತ್ತೀರಿ. ಒಂದು ಸಲ ತಪ್ಪಿದರೆ ಆಮೇಲಿನದೆಲ್ಲ ತಪ್ಪುತ್ತದೆ. ಇದು ನಿಮ್ಮ ಗಣಿತಕ್ಕೆ ಹೊಳೆಯಬೇಕು.

ನಿಮ್ಮಕ್ಕ ವಿಡಿಯೋ ನೋಡಲು ರಜೆ ಹಾಕುತ್ತಾರಂತೆ. ಆರು ವರ್ಷದಲ್ಲಿ ಅವರು ರಜೆ ಹಾಕಿದ್ದು ಎರಡೇ ಸಲ. ಎರಡನೆಯದು ನಿಮ್ಮ ಮೂಳೆಗೆ.

ಭಾವ


ಆಗಸ್ಟ್ 10

ಭಾವಾ!

ಹತ್ತಿದೆ! ಇಪ್ಪತ್ತೆರಡೂ ತಿರುವು! ಕಾಲೂರಲಿಲ್ಲ, ಕೈ ನಡುಗಲಿಲ್ಲ. ಒಂಬತ್ತನೆಯದನ್ನು ಹಳೆಯ ವಿದ್ಯಾರ್ಥಿಯನ್ನು ಕಂಡವನ ಹಾಗೆ ತಲೆಯಾಡಿಸಿ ದಾಟಿದೆ. ಮೇಲೆ ನಿಂತು ಕೆಳಗೆ ನೋಡಿದಾಗ ಇಡೀ ರಸ್ತೆ ಯಾರೋ ಅವಸರದಲ್ಲಿ ಬಿಡಿಸಿದ ಸಮೀಕರಣದಂತೆ ಕಂಡಿತು. ಉತ್ತರ ಮಾತ್ರ ಸರಿಯಿತ್ತು.

ಕಾರ್ಡು ಇದರಲ್ಲೇ ಸುತ್ತಿದ್ದೇನೆ. ನಾನಿನ್ನೂ ನೋಡಿಲ್ಲ; ಮನೆಯ ಕಂಪ್ಯೂಟರಿನ ಮುಂದೆ ಮನೆಯಾಕೆ ಕೂತಿರುತ್ತಾಳೆ. ಟೇಪು ಕೀಳಲಿಲ್ಲ, ಎದುರುಮನೆಯವರು ಗೇಟಿನಲ್ಲೇ ಇದ್ದರು.

ಒಂದು ಸಣ್ಣ ದುಃಖದ ಸಂಗತಿ. ಘಾಟಿಯ ಬುಡದಲ್ಲಿ ಬ್ಯಾಟರಿ ಕೈಕೊಟ್ಟಿತೇನೋ ಎಂಬ ಅನುಮಾನವಿದೆ. ಮೇಲೆ ಹೋಗಿ ನೋಡಿದರೆ ಮತ್ತೆ ಉಸಿರಾಡುತ್ತಿತ್ತು. ಯಂತ್ರಗಳ ಮನಸ್ಸು ಯಾರು ಬಲ್ಲರು? ಹಾಗಾಗಿ ನಡುವಿನ ತಿರುವುಗಳು ಕಾರ್ಡಿನಲ್ಲಿ ಇಲ್ಲದಿದ್ದರೂ ಇರಬಹುದು. ಹೋದ ವರ್ಷ ಇದೇ ಘಾಟಿಯಲ್ಲಿ ತೆಗೆದದ್ದು ನಿಮ್ಮ ಹತ್ತಿರ ಭದ್ರವಾಗಿದೆಯಲ್ಲ? ಅದೇ ಗಾಡಿ, ಅದೇ ಹೆಲ್ಮೆಟ್ಟು, ಅದೇ ನಾನು. ಹೊಲಿಗೆ ಕಾಣದ ಹಾಗೆ ಸೇರಿಸಿಬಿಡಿ. ಒಮ್ಮೆಯಾದರೂ ನಿಮ್ಮ ಸಂಕಲನದಲ್ಲಿ ಕೂಡಿಸುವ ಲೆಕ್ಕ ನಡೆಯಲಿ.

ನಾನು ಹತ್ತಿದ್ದು ನಿಜ. ನಿಜಕ್ಕೆ ಒಂದು ತೇಪೆ ಹಾಕಿದರೆ ಅದು ಸುಳ್ಳಾಗುವುದಿಲ್ಲ.

ಇಂತಿ,
ಶಿಖರಸ್ಥ


ಆಗಸ್ಟ್ 16

ಮೇಷ್ಟ್ರೇ,

ಕಾರ್ಡು ವಾಪಸು ಕಳಿಸಿದ್ದೇನೆ. ನೀವು ನೋಡಬೇಕು.

ಬ್ಯಾಟರಿ ಸರಿಯಾಗಿಯೇ ಇತ್ತು. ಮನೆಯಲ್ಲಿ ಯಾವಾಗಲೋ ಪರೀಕ್ಷೆಗೆಂದು ಒಂದು ಸಲ ಒತ್ತಿ ಮರೆತಿದ್ದೀರಿ. ನಿಮ್ಮ ಅಡುಗೆಮನೆಯ ಮೂಲೆ ಇಪ್ಪತ್ತು ನಿಮಿಷ ಇದೆ. ಗೇಟಿನಲ್ಲಿ ಶುರು ಎಂದುಕೊಂಡು ಒತ್ತಿದ್ದು ನಿಲುಗಡೆ. ಅಲ್ಲಿಂದ ಮುಂದೆ ಎಲ್ಲವೂ ಉಲ್ಟಾ. ಗಾಡಿ ಓಡಿದಾಗ ಕ್ಯಾಮರಾ ಮಲಗಿದೆ, ನೀವು ನಿಂತಾಗ ಎದ್ದಿದೆ. ಕಾರ್ಡಿನಲ್ಲಿ ಒಂದು ಮೀಟರು ಸವಾರಿಯಿಲ್ಲ.

ಇರುವುದು ನಿಲುಗಡೆಗಳು. ಪೆಟ್ರೋಲ್ ಬಂಕಿನಲ್ಲಿ ಒಂದು ಗೋಡೆ. ಟೀ ಅಂಗಡಿ, ಲೋಟ ಹಿಡಿದ ನಿಮ್ಮ ಕೈ. ಒಂದು ಮೈಲಿಗಲ್ಲಿನ ಹತ್ತಿರ ಒಂಬತ್ತು ನಿಮಿಷ ಸುಮ್ಮನೆ ನಿಂತಿದ್ದೀರಿ, ಉಸಿರು ಮಾತ್ರ ಕೇಳುತ್ತದೆ. ಮೂವತ್ತೊಂದು ವರ್ಷದಲ್ಲಿ ಇಷ್ಟು ಒಳ್ಳೆಯ ಫೂಟೇಜು ನನ್ನ ಕೈಗೆ ಬಂದಿರಲಿಲ್ಲ.

ಹದಿನೇಳನೆಯ ತುಣುಕು ನಲವತ್ತೆಂಟು ನಿಮಿಷ ಇದೆ. ಘಾಟಿಯ ಬುಡದಲ್ಲಿ ನೀವು ಆರಿಸಿದೆ ಎಂದುಕೊಂಡು ಒತ್ತಿದಾಗ ಶುರುವಾದದ್ದು. ನಿಮ್ಮಕ್ಕನಿಗೆ ತೋರಿಸಿಲ್ಲ.

ಹೋದ ವರ್ಷದ್ದು ಇದೆ. ಹೊಲಿದು ಕೊಡಬಲ್ಲೆ. ಬಿಸಿಲಿನ ಬಣ್ಣ ಹೊಂದಿಸಲು ಒಂದು ಮಧ್ಯಾಹ್ನ ಸಾಕು. ನೀವು ಹೂಂ ಎಂದರೆ ಮಾಡುತ್ತೇನೆ. ಮಾಡಿದ ಮೇಲೆ ಅವರು ನನ್ನನ್ನು ಕೇಳುತ್ತಾರೆ. ನನಗೆ ಬರದ ಕೆಲಸ ಆಗ ಶುರುವಾಗುತ್ತದೆ.

ಗಾಡಿ ಹೋದರೆ ಇಲ್ಲಿಯ ಕಂಪ್ಯೂಟರಿಗೂ ಬಟ್ಟೆ ಹೊದಿಸಿ ಶಟರ್ ಇಳಿಸಬೇಕು. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಭಾವ


ಆಗಸ್ಟ್ 20

ಅಕ್ಕಾ,

ಈ ಲಕೋಟೆಯಲ್ಲಿ ಒಂದು ಕಾರ್ಡಿದೆ. ಭಾವನ ಕತ್ತರಿ ಎಲ್ಲೂ ಬಿದ್ದಿಲ್ಲ. ನಾನು ಬೀಳಿಸಲು ಹೇಳಿದ್ದೆ, ಆಮೇಲೆ ನಾನೇ ಬೇಡವೆಂದೆ. ಬೈಯುವುದಿದ್ದರೆ ನನ್ನನ್ನು ಬೈ. ಅವರು ನಿನಗೆ ಸುಳ್ಳು ಹೇಳಬೇಕಾಗಿ ಬಂದರೆ ಎರಡು ದಿನ ಮಾತು ಬಿಡುವುದಿಲ್ಲ, ಎರಡು ವರ್ಷ ಬಿಡುತ್ತಾರೆ.

ಹದಿನೇಳನೆಯ ತುಣುಕು ನೋಡು. ಘಾಟಿ ಹತ್ತಿದ್ದು ನಿಜ. ಕಾಲು ನೆಲಕ್ಕೆ ತಾಗದಿದ್ದದ್ದೂ ನಿಜ. ತರಕಾರಿ ಲಾರಿಯಲ್ಲಿ ಕೂತವನ ಕಾಲು ನೆಲಕ್ಕೆ ಹೇಗೆ ತಾಗುತ್ತದೆ? ಗಾಡಿ ಹಿಂದೆ ಕೋಸಿನ ಚೀಲಗಳ ನಡುವೆ ಮಲಗಿತ್ತು. ನಾನು ಮುಂದೆ, ಡ್ರೈವರಿನ ಪಕ್ಕ, ಹೆಲ್ಮೆಟ್ಟು ಹಾಕಿಕೊಂಡೇ ಇದ್ದೆ. ಎಂಜಿನ್ ಬಿಸಿಯಾಗಿತ್ತು, ಅಪ್ಪನ ಗಾಡಿಯ ಮೇಲಿನ ಕರುಣೆಯಿಂದ ಲಾರಿ ನಿಲ್ಲಿಸಿದೆ ಎಂದು ಇಲ್ಲಿ ಬರೆಯುವವನಿದ್ದೆ. ಬರೆದೂ ಬರೆದೆ. ಹಾಗೇ ಇರಲಿ, ಆದರೆ ನಂಬಬೇಡ.

ಒಂಬತ್ತನೆಯ ತಿರುವಿನಲ್ಲಿ ಏನಾಯಿತೆಂದು ನೀನು ಕೇಳಿದ್ದೆ. ಒಂದು ಜೋಕು ಹೇಳುತ್ತಿದ್ದೆ. ಕ್ಯಾಮರಾಕ್ಕೆ. ಕೊನೆಯ ಪದ ಹುಡುಕುತ್ತಿದ್ದಾಗ ರಸ್ತೆ ಮುಗಿಯಿತು. ಆ ಪದ ಇವತ್ತಿನವರೆಗೂ ಸಿಕ್ಕಿಲ್ಲ.

ನಿನ್ನ ಷರತ್ತಿನ ಪ್ರಕಾರ ಸೋತಿದ್ದೇನೆ. ಆದರೂ ಬೀಗದ ಕೈ ಕೊಡುವುದಿಲ್ಲ. ಕೊಟ್ಟರೆ ಭಾವನಿಗೆ ಕೈಕೊಟ್ಟ ಹಾಗೆ. ನೀನು ಬೆಳಿಗ್ಗೆ ವಾರ್ಡಿಗೆ ಹೋದ ಮೇಲೆ ಆ ಸ್ಟುಡಿಯೋದಲ್ಲಿ ಅವರು ಒಬ್ಬರೇ ಕೂತು ನನ್ನ ಎಮ್ಮೆಗಳನ್ನು ದಾಟಿಸುತ್ತಾರೆ, ಗೊತ್ತಾ ನಿನಗೆ? ನಾನು ನಿಂತರೆ ಇಬ್ಬರು ನಿಲ್ಲುತ್ತೇವೆ. ಇಪ್ಪತ್ನಾಲ್ಕಕ್ಕೆ ಗ್ಯಾರೇಜಿನವನು ಬರಲಿ, ನೀನು ಸಹಿಯೂ ಹಾಕು, ಆದರೆ ಕೈಯಿಲ್ಲದ ಗಾಡಿಯನ್ನು ಅವನು ತಳ್ಳಿಕೊಂಡೇ ಹೋಗಬೇಕು. ನಾನು ಅದರ ಮೇಲೆ ಕೂತಿರುತ್ತೇನೆ. ಮನೆಯಾಕೆಗೂ ಇದನ್ನೇ ಹೇಳಿದ್ದೇನೆ. “ಕೂತ್ಕೊಳ್ಳಿ, ಎಷ್ಟೊತ್ತು ಕೂತಿರ್ತೀರೋ ನೋಡೋಣ” ಎಂದಳು.

ಆ ಘಾಟಿಯನ್ನು ಗಾಡಿಯಲ್ಲೇ ಹತ್ತುತ್ತೇನೆ, ಬಾಯಿ ಮುಚ್ಚಿಕೊಂಡು. ಈ ತಿಂಗಳಲ್ಲದಿದ್ದರೆ ಮುಂದಿನ ತಿಂಗಳು. ಮೊದಲ ದಿನ ಮೂರು ತಿರುವು, ಇನ್ನೊಂದು ದಿನ ಐದು. ನಿನ್ನ ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಭಯವಿದ್ದರೆ ತಾನೇ ಅನುಮತಿ ಬೇಕು?

ಆ ತುಣುಕಿನಲ್ಲಿ ಕಾಣುವುದು ಬರೀ ಲಾರಿಯ ಗಾಜು. ಕೇಳುವುದು ಬೇರೆ ಇದೆ. ಇವತ್ತು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದೆ. ಒಂದೊಂದು ತಿರುವಿಗೂ ಒಬ್ಬ ಗಂಡಸು “ಅಕ್ಕಾ!” ಎಂದು ಕೂಗುತ್ತಾನೆ. ನಾಲ್ಕನೆಯ ತಿರುವಿನಲ್ಲಿ ಡ್ರೈವರು, “ಯಾರ್ ಸಾರ್ ಆ ಅಕ್ಕ? ಜೊತೇಲೇ ಕರ್ಕೊಂಡ್ ಬರಬಾರದಿತ್ತಾ?” ಎಂದು ಕೇಳುತ್ತಾನೆ. ಹತ್ತನೆಯದರ ಹೊತ್ತಿಗೆ ಅವನೂ ನನ್ನ ಜೊತೆ ಕೂಗಲು ಶುರು ಮಾಡಿದ್ದಾನೆ. ನನಗೆ ಕೂಗಿದ ನೆನಪೇ ಇಲ್ಲ. ಕೂಗಿದ್ದು ನಾನೇ, ಮೈಕು ನನ್ನ ಗಲ್ಲದಲ್ಲೇ ಇತ್ತು.

ಎಣಿಸಿದೆ. ತಿರುವು ಇಪ್ಪತ್ತೆರಡು, ಅಕ್ಕ ಇಪ್ಪತ್ತಮೂರು. ಗಣಿತದವನ ಲೆಕ್ಕ ತಪ್ಪಿತು ಎಂದುಕೊಳ್ಳಬೇಡ, ಮತ್ತೊಮ್ಮೆ ಕೇಳಿ ತಾಳೆ ನೋಡಿದ್ದೇನೆ. ಮೊದಲನೆಯ ಸಲ ಕೂಗಿದಾಗ ಲಾರಿ ಇನ್ನೂ ಹೊರಟಿರಲಿಲ್ಲ.

ನಿನ್ನ ತಮ್ಮ